ಟೆಂಟಿನೊಳಗಿನ ದೇವರು

ಹಳೇ ಮೈಸೂರಿನ ಊರುಗಳಲ್ಲಿ ಟೂರಿಂಗ್ ಟಾಕೀಸಿನ ಕಾಲ ಕಂಡವರಿಗೆಲ್ಲ ಒಂದು ಹಾಡು ನೆನಪಿರುತ್ತದೆ. ಹೊತ್ತು ಮುಳುಗುತ್ತಿದ್ದಂತೆ ಟೆಂಟಿನ ಲೌಡ್‌ಸ್ಪೀಕರಿನಲ್ಲಿ ಘಂಟಸಾಲ ಹಾಡಿದ ತಿರುಪತಿ ತಿಮ್ಮಪ್ಪನ ತೆಲುಗು ಹಾಡು ಮೊಳಗುತ್ತಿತ್ತು. ಅದು ದೇವರ ಹಾಡೂ ಹೌದು, ಟಿಕೆಟ್ ಕೊಡುತ್ತಿದ್ದಾರೆ ಬನ್ನಿ ಎಂಬ ಕರೆಯೂ ಹೌದು. ಅದು ಕಿವಿಗೆ ಬಿದ್ದರೆ ಮನೆಗಳಲ್ಲಿ ಮುದ್ದೆ ಸಾರು ಅವಸರದಲ್ಲಿ ಮುಗಿಯುತ್ತಿತ್ತು. ನೆಲದ ಟಿಕೆಟ್ಟಿನವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತು, ಪರದೆಯಲ್ಲಿ ಪಾಂಡುರಂಗ ಕಂಡರೆ ಕೈಮುಗಿದು, ಇಂಟರ್‌ವೆಲ್ಲಿನಲ್ಲಿ ಕಡಲೆಕಾಯಿ ಬಿಡಿಸಿ, ಕಡೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಕೈಮುಗಿದದ್ದಕ್ಕೂ ಕಡಲೆಕಾಯಿಗೂ ಆಗಿಬರುವುದಿಲ್ಲ ಎಂದು ಅವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಹಾಗೆ ಅನ್ನಿಸಿದ್ದು ಓದಿದವರಿಗೆ. ಸಿನಿಮಾ, ಕ್ಯಾಸೆಟ್, ಧಾರಾವಾಹಿಗಳು ಸೇರಿಕೊಂಡು ನಂಬಿಕೆಯನ್ನು ಅಗ್ಗ ಮಾಡಿಬಿಟ್ಟವು ಎಂಬ ಮಾತು ಇವತ್ತು ವಿಚಾರ ಸಂಕಿರಣದಲ್ಲೂ ಕೇಳುತ್ತದೆ, ಮಠದ ಪ್ರವಚನದಲ್ಲೂ ಕೇಳುತ್ತದೆ. ವಿಚಾರವಂತರ ಪ್ರಕಾರ ಭಕ್ತಿ ಸಿನಿಮಾ ಎಂದರೆ ಮುಗ್ಧರ ಕಣ್ಣೀರಿನ ಮೇಲೆ ನಡೆಯುವ ವ್ಯಾಪಾರ. ಅದು ಜನರ ತಲೆಯನ್ನು ಮಂಕು ಮಾಡುತ್ತದೆ. ಮಡಿವಂತರ ಪ್ರಕಾರ ದೇವರಿಗೆ ಬಣ್ಣ ಬಳಿದು ಕುಣಿಸಿದ್ದೇ ಅಪಚಾರ. ಅದರಿಂದ ಶಾಸ್ತ್ರದ ಗಾಂಭೀರ್ಯ ಹೋಯಿತು. ಬೇರಾವ ವಿಷಯದಲ್ಲೂ ಮುಖ ಕೊಟ್ಟು ಮಾತಾಡದ ಈ ಎರಡು ಬಣಗಳು ಇದೊಂದರಲ್ಲಿ ಒಂದೇ ದನಿಯಲ್ಲಿ ಮಾತಾಡುತ್ತವೆ. ಇಬ್ಬರೂ ಹೇಳುವುದು ತಪ್ಪು. ಕನ್ನಡದ ನಂಬಿಕೆ ಬದುಕಿ ಬಂದದ್ದೇ ಜನಪ್ರಿಯ ಕಲೆಯ ಮಡಿಲಲ್ಲಿ. ಅದಕ್ಕಿಂತ ಮುಖ್ಯವಾಗಿ, ದೇವರ ಜೊತೆ ಜಗಳವಾಡುವ ಹಕ್ಕನ್ನು ಸಾಮಾನ್ಯ ಮನುಷ್ಯನಿಗೆ ಉಳಿಸಿಕೊಟ್ಟದ್ದೂ ಅದೇ ಕಲೆ.

ಮೊದಲು ‘ಅಗ್ಗ’ ಎಂಬ ಮಾತನ್ನೇ ನೋಡಬೇಕು. ಎಂಟುನೂರು ವರ್ಷಗಳ ಹಿಂದೆ ಹರಿಹರ ಎಂಬ ಕವಿ ಇದೇ ಅಗ್ಗದ ದಾರಿ ಹಿಡಿದ. ಪಂಡಿತರು ಮೆಚ್ಚುವ ಚಂಪೂ ಅವನಿಗೆ ಬರುತ್ತಿರಲಿಲ್ಲವೆಂದಲ್ಲ. ‘ಗಿರಿಜಾಕಲ್ಯಾಣ’ವನ್ನು ಚಂಪುವಿನಲ್ಲೇ ಬರೆದಿದ್ದಾನೆ. ಆದರೆ ಶಿವಶರಣರ ಕಥೆ ಹೇಳಲು ಕೂತಾಗ ಅವನು ಆರಿಸಿಕೊಂಡದ್ದು ರಗಳೆಯನ್ನು. ಓಡುವ ಲಯ, ನಿಲ್ಲದ ಕಥೆ, ಓದಿದವರೂ ಓದದವರೂ ಒಟ್ಟಿಗೆ ಕೂತು ಕೇಳಬಹುದಾದ ಮಾತು. ಅವನ ನಾಯಕರಲ್ಲಿ ಬಹುಪಾಲು ರಾಜರಲ್ಲ. ಬೇಡ, ಮಡಿವಾಳ, ಕುಂಬಾರ ಇಂಥವರು. ‘ರಗಳೆ’ ಎಂದರೆ ಇವತ್ತಿನ ಆಡುಮಾತಿನಲ್ಲಿ ಕಿರಿಕಿರಿ, ತಂಟೆ. ಕನ್ನಡದ ಅತಿ ದೊಡ್ಡ ಭಕ್ತಿಕವಿಯ ಛಂದಸ್ಸಿನ ಹೆಸರು ದಿನನಿತ್ಯದ ಬಾಯಲ್ಲಿ ಹೀಗಾಯಿತಲ್ಲ ಎಂದು ವ್ಯಥೆಪಡಬಹುದು. ಆದರೆ ಆ ಹೆಸರು ಬಾಯಲ್ಲಿ ಉಳಿದದ್ದಾದರೂ ಉಳಿದಿದೆ. ಚಂಪೂ ಎಂಬ ಪದ ಪರೀಕ್ಷೆಗೆ ಓದುವವರನ್ನು ಬಿಟ್ಟು ಬೇರೆ ಯಾರ ಬಾಯಲ್ಲೂ ಉಳಿಯಲಿಲ್ಲ.

ಹರಿಹರ ಹಾಡಿದ ಶಿವಭಕ್ತರಲ್ಲಿ ಕಣ್ಣಪ್ಪನೂ ಒಬ್ಬ. ಆ ಕಣ್ಣಪ್ಪ ಗುಬ್ಬಿ ಕಂಪನಿಯ ರಂಗಕ್ಕೆ ಬಂದ, ಅಲ್ಲಿಂದ 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ವಾಗಿ ಪರದೆಗೆ ಬಂದ. ಕಥೆ ಎಲ್ಲರಿಗೂ ಗೊತ್ತು. ಮಂತ್ರ ಬಾರದ ಬೇಡ, ಬಾಯಲ್ಲಿ ತುಂಬಿ ತಂದ ನೀರನ್ನೇ ಅಭಿಷೇಕ ಮಾಡುತ್ತಾನೆ, ತಾನು ರುಚಿ ನೋಡಿದ ಮಾಂಸವನ್ನೇ ನೈವೇದ್ಯ ಇಡುತ್ತಾನೆ. ಲಿಂಗದ ಕಣ್ಣಿನಿಂದ ರಕ್ತ ಸುರಿದಾಗ ತನ್ನ ಒಂದು ಕಣ್ಣು ಕಿತ್ತು ಅಂಟಿಸುತ್ತಾನೆ. ಇನ್ನೊಂದರಲ್ಲೂ ರಕ್ತ ಸುರಿಯುತ್ತದೆ. ಎರಡನೆಯ ಕಣ್ಣನ್ನೂ ಕಿತ್ತರೆ ಕುರುಡಾಗುತ್ತೇನೆ, ಆಮೇಲೆ ಜಾಗ ಗೊತ್ತಾಗುವುದು ಹೇಗೆ? ಗುರುತಿಗೆಂದು ದೇವರ ಕಣ್ಣಿನ ಮೇಲೆ ತನ್ನ ಕಾಲನ್ನಿಡುತ್ತಾನೆ.

ಆ ಕಾಲನ್ನು ಸ್ವಲ್ಪ ಹೊತ್ತು ನೋಡಬೇಕು. ಗರ್ಭಗುಡಿಯ ಹೊಸ್ತಿಲು ದಾಟಬಾರದ ಕಾಲು ಅದು. ಕಾಡಿನ ಮುಳ್ಳು ತುಳಿದು ಬಂದದ್ದು. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ದೇಶಕ್ಕೆ ಬಂದದ್ದು 1955ರಲ್ಲಿ. ಅದಕ್ಕೊಂದು ವರ್ಷ ಮುಂಚೆ ಕನ್ನಡ ನಾಡಿನ ಟೆಂಟುಗಳಲ್ಲಿ ಕೂತ ಎಲ್ಲ ಜಾತಿಯ ಜನ, ಬೇಡನೊಬ್ಬ ಶಿವನ ಮೇಲೆ ಕಾಲಿಟ್ಟದ್ದನ್ನು ಕಂಡು ಅತ್ತರು. ಅದನ್ನು ಅಪಚಾರ ಎನ್ನಲಿಲ್ಲ, ಭಕ್ತಿ ಎಂದರು. ಇದನ್ನು ತಲೆ ಮಂಕಾಗಿಸುವ ಕೆಲಸ ಎನ್ನುವವರು ಆ ಟೆಂಟಿನಲ್ಲಿ ಕೂತ ಜನರ ತಲೆಯ ಬಗ್ಗೆ ಏನನ್ನೂ ಬಲ್ಲವರಲ್ಲ.

ಕಣ್ಣಪ್ಪನಾಗಿ ನಿಂತ ನಟನ ಹಿನ್ನೆಲೆಯೂ ಇಲ್ಲಿ ಸೇರುತ್ತದೆ. ಗಾಜನೂರಿನ ಮುತ್ತುರಾಜ, ಶಾಲೆ ಅರ್ಧಕ್ಕೆ ಬಿಟ್ಟು ತಂದೆ ಪುಟ್ಟಸ್ವಾಮಯ್ಯನವರ ಜೊತೆ ನಾಟಕ ಕಂಪನಿ ಸೇರಿದ ಹುಡುಗ, ಈಡಿಗರ ಮನೆಯವನು. ಆ ಸಿನಿಮಾದಿಂದ ರಾಜ್‌ಕುಮಾರ್ ಆದರು. ಮುಂದೆ ಅವರು 1960ರಲ್ಲಿ ಕನಕದಾಸ, 1962ರಲ್ಲಿ ಕಬೀರ, 1963ರಲ್ಲಿ ತುಕಾರಾಮ, 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರ ಸ್ವಾಮಿ. ಬೇಡ, ಕುರುಬ, ನೇಕಾರ, ಬ್ರಾಹ್ಮಣ ಯತಿ ಎಲ್ಲವೂ ಒಂದೇ ಮುಖ. ಆ ಮುಖವನ್ನು ಪೂಜಾರಿಗಳ ಮನೆಯವರೂ ನೋಡಿ ಕೈಮುಗಿದರು. ಜಾತಿಯ ಬಗ್ಗೆ ನೂರು ಭಾಷಣ ಮಾಡಿದರೂ ಆಗದ ಕೆಲಸ ಇದು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ತಮ್ಮ ನೂರನೆಯ ಚಿತ್ರಕ್ಕೆ 1985ರಲ್ಲಿ ಅದೇ ರಾಯರ ಪಾತ್ರವನ್ನು ಆರಿಸಿಕೊಂಡರು. ಅದು ತಮಿಳಿನ ಚಿತ್ರವಾದರೂ ರಾಯರು ಇಲ್ಲಿಯ ಮನೆಮನೆಗಳಲ್ಲೂ ಪೂಜೆಗೊಳ್ಳುವವರೇ.

ಜನಪ್ರಿಯ ಭಕ್ತಿಯ ಮೇಲಿನ ಈ ಅಸಹನೆ ಹೊಸದೂ ಅಲ್ಲ. ವ್ಯಾಸರಾಯರು ಕನಕನ ಮೇಲೆ ದಯೆ ತೋರಿದ್ದಕ್ಕೆ ಮಠದವರು ಗುರುವನ್ನೇ ದೂರಿದ ಸಂಗತಿ ಪುರಂದರದಾಸರ ಅಂಕಿತವಿರುವ ಕೀರ್ತನೆಯೊಂದರಲ್ಲೇ ಬರುತ್ತದೆ. ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಮೀಟುತ್ತ, ಬೀದಿಯಲ್ಲಿ ಕನ್ನಡದಲ್ಲಿ ದೇವರನ್ನು ಹಾಡುವುದು ಆ ಕಾಲದ ‘ಪಾಪ್ಯುಲರ್ ಕಲ್ಚರ್’. ಇವತ್ತು ಅದೇ ದಾಸಸಾಹಿತ್ಯವನ್ನು ಶುದ್ಧ ಭಕ್ತಿಯ ಅಳತೆಗೋಲು ಮಾಡಿಕೊಂಡು ಸಿನಿಮಾ ಹಾಡನ್ನು ಹೀಗಳೆಯುವವರು, ಐನೂರು ವರ್ಷ ಹಿಂದೆ ಹುಟ್ಟಿದ್ದರೆ ಮಠದ ಜಗಲಿಯ ಮೇಲೆ ಯಾರ ಪಕ್ಕ ಕೂತಿರುತ್ತಿದ್ದರು?

ಜನಪ್ರಿಯ ಕಲೆ ಭಕ್ತಿಯನ್ನು ಸಿಹಿ ಮಾಡಿ ಉಣಿಸುತ್ತದೆ, ಕಷ್ಟದ ಪ್ರಶ್ನೆಗಳನ್ನು ಮುಚ್ಚಿಡುತ್ತದೆ ಎಂಬುದು ಇನ್ನೊಂದು ಆರೋಪ. ಇದು ನೋಡದೆ ಮಾಡುವ ಆರೋಪ. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ 1974ರ ‘ಭಕ್ತ ಕುಂಬಾರ’ವನ್ನೇ ತೆಗೆದುಕೊಳ್ಳಿ. ಗೋರ ಮಡಕೆಗೆ ಮಣ್ಣು ತುಳಿಯುತ್ತಿದ್ದಾನೆ. ಕಣ್ಣು ಮುಚ್ಚಿದೆ, ಬಾಯಲ್ಲಿ ವಿಠಲನ ನಾಮ. ನೀರು ಹಾಕಿ ಹದ ಮಾಡಿದ ಕೆಸರು, ಒಂದೇ ಲಯದಲ್ಲಿ ಏಳುವ ಬೀಳುವ ಪಾದ. ಅಂಬೆಗಾಲಿಡುವ ಮಗು ಆ ಕೆಸರಿನ ಕಡೆ ಬರುತ್ತದೆ. ನೋಡುತ್ತ ಕೂತವರಿಗೆ ಮುಂದೇನಾಗುತ್ತದೆಂದು ಗೊತ್ತು, ತಡೆಯಲು ಆಗುವುದಿಲ್ಲ. ತಂದೆಯ ಕಾಲು ನಿಲ್ಲುವುದಿಲ್ಲ, ನಾಮವೂ ನಿಲ್ಲುವುದಿಲ್ಲ. ಮಗು ಮಣ್ಣಿನ ಜೊತೆ ಮಣ್ಣಾಗಿ ಹೋಗುತ್ತದೆ.

ಇದಕ್ಕಿಂತ ಕಷ್ಟದ ಪ್ರಶ್ನೆ ಯಾವ ತತ್ವಶಾಸ್ತ್ರದ ಪುಸ್ತಕದಲ್ಲಿದೆ? ಭಕ್ತಿಯೇ ಒಂದು ಮಗುವನ್ನು ಕೊಂದಿತು. ಕೊಂದವನು ದುಷ್ಟನಲ್ಲ, ಊರಿಗೇ ಒಳ್ಳೆಯವನು. ನೀರು ತಂದ ತಾಯಿ ಕೆಸರನ್ನು ನೋಡುತ್ತಾಳೆ. ಲೀಲಾವತಿ ಮಾಡಿದ ಆ ತಾಯಿಯ ಗೋಳು, ದೇವರ ಮೇಲೂ ಗಂಡನ ಮೇಲೂ ಅವಳಿಗೆ ಬರುವ ಸಿಟ್ಟು, ಇನ್ನು ಮುಂದೆ ನನ್ನನ್ನು ಮುಟ್ಟಕೂಡದೆಂದು ಅದೇ ವಿಠಲನ ಮೇಲೆ ಇಡುವ ಆಣೆ, ಇವು ಭಕ್ತಿ ಸಿನಿಮಾದ ಒಳಗೇ ಇವೆ. ಕಡೆಗೆ ವಿಠಲ ಮಗುವನ್ನು ಮರಳಿ ಕೊಡುತ್ತಾನೆ, ಹೌದು. ಕಥೆ ಅದನ್ನು ಮೊದಲಿನಿಂದಲೂ ಹಾಗೇ ಹೇಳಿಕೊಂಡು ಬಂದಿದೆ. ಆದರೆ ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಾಯಂದಿರು ಆ ನೆಲದ ಟಿಕೆಟ್ಟಿನಲ್ಲಿ ಕೂತಿದ್ದರು. ತಮ್ಮ ಮಗು ಮರಳಿ ಬರುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರಿಗೆ ಬೇಕಿದ್ದದ್ದು ಆ ಕೊನೆಗಿಂತ ಹೆಚ್ಚಾಗಿ ನಡುವಿನ ಆ ಸಿಟ್ಟು: ದೇವರ ಎದುರು ನಿಂತು, ನೀನು ಮಾಡಿದ್ದು ಸರಿಯೇ ಎಂದು ಕೇಳುವ ಹೆಣ್ಣುದನಿ. ಗುಡಿಯಲ್ಲಿ ಅದನ್ನು ಕೇಳಲು ಅವರಿಗೆ ಜಾಗವಿರಲಿಲ್ಲ.

ಕರಾವಳಿಗೆ ಹೋದರೆ ಈ ಮಾತಿಗೆ ಇನ್ನೂ ಗಟ್ಟಿ ಸಾಕ್ಷಿ ಸಿಗುತ್ತದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಬರೆದಿಟ್ಟುಕೊಳ್ಳದೆ ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ‘ವಾಲಿವಧೆ’ ಪ್ರಸಂಗವಿದ್ದರೆ ಜನ ಕಾಯುವುದು ಬಾಣ ಬಿದ್ದ ನಂತರದ ವಾಲಿಗಾಗಿ. ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನನ್ನ ಹೆಂಡತಿ, ನನ್ನ ತಮ್ಮ, ನನ್ನ ರಾಜ್ಯ, ಇದರಲ್ಲಿ ನಿನಗೇನು ಕೆಲಸ? ರಾವಣನನ್ನು ಗೆಲ್ಲಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇಂಥ ಪ್ರಶ್ನೆಗಳಿಂದಲೇ ಹೆಸರಾದದ್ದು. ರಾಮನ ಪಾತ್ರದವರಿಗೆ ಉತ್ತರ ಸಿದ್ಧವಿರಬೇಕು, ಇಲ್ಲದಿದ್ದರೆ ಸಭೆಯ ಎದುರು ದೇವರು ಸೋಲುತ್ತಾನೆ. ಇದು ನಡೆಯುವುದು ನಾಸ್ತಿಕರ ಸಮ್ಮೇಳನದಲ್ಲಲ್ಲ, ಎಷ್ಟೋ ಸಲ ದೇವಸ್ಥಾನದ ಅಂಗಳದಲ್ಲೇ. ಕೇಳುವವರು ರಾಮನಿಗೆ ದಿನಾ ಕೈಮುಗಿಯುವವರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು, ಅಂಗಡಿ ಬಾಗಿಲು ಹಾಕಿ ಬಂದವರು, ಅಪರಾತ್ರಿಯವರೆಗೆ ನಿದ್ದೆಗೆಟ್ಟು ತಮ್ಮ ದೇವರ ಮೇಲಿನ ವಿಚಾರಣೆಯನ್ನು ಕೇಳುತ್ತಾರೆ. ವಿಮರ್ಶೆ ಎಂಬುದು ಪಶ್ಚಿಮದಿಂದ ಬಂದ ಪುಸ್ತಕಗಳಿಂದಲೇ ಶುರುವಾಯಿತೆಂದು ನಂಬಿದವರು ಒಂದು ರಾತ್ರಿ ಅಲ್ಲಿ ಹೋಗಿ ಕೂರಬೇಕು.

ಅದೇ ಕರಾವಳಿಯಲ್ಲಿ ಮೂಲ್ಕಿಯ ಬಪ್ಪನಾಡಿನ ದುರ್ಗೆಯ ಗುಡಿ ಇದೆ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಅದನ್ನು ಕಟ್ಟಿಸಿದನೆಂಬುದು ಐತಿಹ್ಯ. ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ ಯಕ್ಷಗಾನದಲ್ಲಿ ಜನ ಎದುರು ನೋಡುವ ಪಾತ್ರ ಆ ಬ್ಯಾರಿಯದೇ. ಒಂದು ಊರಿನ ನೆರೆಹೊರೆಯ ನೆನಪನ್ನು ಯಾವ ಪಠ್ಯಪುಸ್ತಕ ಇಷ್ಟು ಕಾಲ ಕಾಪಾಡಿತು?

ಇನ್ನು ಬರಹದ ಮಾತು. ಗಂಭೀರ ಬರಹಗಾರನಿಗೆ ನಂಬಿಕೆ ತೊಡಕು, ಜನಪ್ರಿಯತೆ ಕಳಂಕ ಎಂಬ ಭಾವನೆ ಕನ್ನಡ ಸಾಹಿತ್ಯಲೋಕದಲ್ಲಿ ಬಹಳ ಕಾಲ ಆಳಿದೆ. ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಬಂತು. 945 ಪದ್ಯಗಳು. ವಿಮರ್ಶಕರು ಅದನ್ನು ಕಾವ್ಯವೆಂದು ಒಪ್ಪಲು ಹಿಂದೆಮುಂದೆ ನೋಡುತ್ತಿರುವಾಗಲೇ ಕಗ್ಗ ಗುಮಾಸ್ತರ, ಮೇಷ್ಟ್ರುಗಳ, ಅಜ್ಜಿಯರ ಬಾಯಿಪಾಠವಾಗಿತ್ತು. ಅದರಲ್ಲಿ ದೇವರಿದ್ದಾನೋ ಇಲ್ಲವೋ ಎಂಬ ಅನುಮಾನ ಎಷ್ಟು ಪದ್ಯಗಳಲ್ಲಿದೆಯೆಂದು ಎಣಿಸಿದವರಿಗೆ, ಜನಪ್ರಿಯವಾದದ್ದೆಲ್ಲ ಸುಲಭದ ಸಮಾಧಾನ ಎನ್ನಲು ಬಾಯಿ ಬರಲಿಕ್ಕಿಲ್ಲ. ಪುರೋಹಿತಶಾಹಿಯ ವಿರುದ್ಧ ಗುಡುಗಿದ ಕುವೆಂಪು, ರಾಮಕೃಷ್ಣರ ನೇರ ಶಿಷ್ಯರಾದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದವರು. ತಮ್ಮ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗಿಳಿಸಿದರು. ರಾಮನನ್ನು ಹಾಗೆ ತಿದ್ದುವ ಧೈರ್ಯ ಅವರಿಗೆ ಬಂದದ್ದು ನಂಬಿಕೆಯನ್ನು ಬಿಟ್ಟದ್ದರಿಂದಲ್ಲ. ವಾಲಿಯ ಅರ್ಥಧಾರಿ ರಾತ್ರಿಯಿಡೀ ಮಾಡುವ ಕೆಲಸವನ್ನೇ ಮಹಾಕವಿಯೂ ಮಾಡಿದ್ದು.

ದೂರದ ಒಂದು ಉದಾಹರಣೆಯನ್ನು ಬಿಡುವಂತಿಲ್ಲ. 1988ರಿಂದ 1990ರವರೆಗೆ ದೂರದರ್ಶನದಲ್ಲಿ 94 ಕಂತು ಬಂದ ‘ಮಹಾಭಾರತ’ಕ್ಕೆ ಮಾತು ಬರೆದವರು ರಾಹಿ ಮಾಸೂಮ್ ರಜಾ, ಗಾಜೀಪುರದ ಗಂಗೌಲಿಯವರು, ‘ಆಧಾ ಗಾಂವ್’ ಕಾದಂಬರಿಯ ಲೇಖಕರು. ಭಾನುವಾರ ಬೆಳಿಗ್ಗೆ ಕನ್ನಡ ನಾಡಿನ ಓಣಿಗಳೂ ಖಾಲಿಯಾಗುತ್ತಿದ್ದವು, ಟಿ.ವಿ. ಇದ್ದ ಮನೆಯ ಹಜಾರದಲ್ಲಿ ಬೀದಿಯ ಅರ್ಧ ಜನ. ಹಿಂದಿ ಬಾರದ ಹೆಂಗಸರು ಕೃಷ್ಣನ ಮಾತಿಗೆ ಕೈಮುಗಿದರು. ಆ ಕೃಷ್ಣನಿಗೆ ಮಾತು ಕೊಟ್ಟದ್ದು ಒಬ್ಬ ಮುಸಲ್ಮಾನನ ಲೇಖನಿ. ನಂಬಿಕೆ ರಕ್ತದಲ್ಲಿ ಮಾತ್ರ ಬರುತ್ತದೆ, ಒಬ್ಬರ ದೇವರನ್ನು ಇನ್ನೊಬ್ಬರು ಬರೆಯಲಾರರು ಎನ್ನುವವರಿಗೆ ಆ 94 ಕಂತುಗಳು ಸಾಕು. ಮನುಷ್ಯನಿಗೆ ತನ್ನದಲ್ಲದ ನಂಬಿಕೆಯ ಒಳಹೊಕ್ಕು ಅಲ್ಲಿಂದ ಮಾತಾಡುವ ಶಕ್ತಿಯಿದೆ. ಸಂತ ಶಿಶುನಾಳ ಷರೀಫರು ಅದನ್ನು ಮೊದಲೇ ತೋರಿಸಿದ್ದರು. ಅವರ ತತ್ವಪದಗಳನ್ನು ಧಾರವಾಡ ಸೀಮೆಯ ಭಜನೆ ಮೇಳಗಳಿಂದ ನಗರದ ಮನೆಗಳಿಗೆ ತಂದದ್ದು ಸಿ. ಅಶ್ವತ್ಥರ ಕ್ಯಾಸೆಟ್ಟುಗಳು, 1990ರಲ್ಲಿ ಬಂದ ನಾಗಾಭರಣರ ಸಿನಿಮಾ.

ಎದುರಾಳಿಗಳ ಬತ್ತಳಿಕೆಯಲ್ಲಿ ಒಳ್ಳೆಯ ಬಾಣಗಳೂ ಇವೆ. 2022ರಲ್ಲಿ ದೈವಾರಾಧನೆಯ ಕಥೆಯಿರುವ ‘ಕಾಂತಾರ’ ಸಿನಿಮಾ ಬಂದು ದೇಶವೆಲ್ಲ ಓಡಿದ ಮೇಲೆ, ದೈವದ ವೇಷ ಹಾಕಿಕೊಂಡು ರೀಲ್ಸ್ ಮಾಡುವವರು, ಥಿಯೇಟರಿನಲ್ಲಿ ಕೂಗಿ ಕುಣಿಯುವವರು ಹುಟ್ಟಿಕೊಂಡರು. ತುಳುನಾಡಿನ ದೈವಾರಾಧಕರಿಗೆ ನೋವಾಯಿತು. ಆ ನೋವು ನ್ಯಾಯವಾದದ್ದು. ನಲಿಕೆ, ಪರವ, ಪಂಬದ ಸಮುದಾಯದವರು ವ್ರತ ಹಿಡಿದು, ಮೈಮೇಲೆ ಭಾರ ಹೊತ್ತು ಮಾಡುವ ಸೇವೆಯನ್ನು ಮೂವತ್ತು ಸೆಕೆಂಡಿನ ಮೋಜು ಮಾಡುವುದು ತಪ್ಪೇ. ಆದರೆ ಅವರ ದೂರನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಈ ಕಥೆ ಜನರಿಗೆ ತಲುಪಬಾರದಿತ್ತು ಎಂಬುದಲ್ಲ ಅವರ ಅಳಲು. ನಾವು ಹೊತ್ತುಕೊಂಡು ಬಂದದ್ದನ್ನು ನಮ್ಮನ್ನು ಬಿಟ್ಟು ಆಡಿಸುತ್ತಿದ್ದೀರಿ ಎಂಬುದು. ದೈವಗಳ ಕಥೆ ಹಾಡುವ ಪಾಡ್ದನಗಳೇ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಬಾಯಲ್ಲಿ ಬೆಳೆದವು. ಪಾಡ್ದನದ ವೀರರಾದ ಕೋಟಿ ಚೆನ್ನಯರ ಕಥೆ ಯಕ್ಷಗಾನಕ್ಕೂ, 1973ರಲ್ಲಿ ತುಳು ಸಿನಿಮಾಕ್ಕೂ ಬಂದಿತ್ತು. ‘ಕಾಂತಾರ’ ತೆರೆಕಂಡ ಕೆಲವೇ ವಾರಗಳಲ್ಲಿ ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನವನ್ನು ಸರ್ಕಾರ ಘೋಷಿಸಿತು. ಸಣ್ಣ ಮೊತ್ತ. ಆದರೂ ಅಷ್ಟು ವರ್ಷ ನೆನಪಾಗದವರು ಒಂದು ಸಿನಿಮಾದಿಂದ ನೆನಪಾದರು.

ಎರಡನೆಯ ಬಾಣ ಇನ್ನೂ ಚೂಪು. ಹಬ್ಬದ ಮೆರವಣಿಗೆಗಳಲ್ಲಿ ಡಿಜೆ ಹಾಕಿ, ಪಕ್ಕದ ಬೀದಿಯವರನ್ನು ಕೆಣಕುವ ಹಾಡುಗಳನ್ನು ಎದೆ ನಡುಗುವಂತೆ ಬಾರಿಸುತ್ತಾರಲ್ಲ, ಅದೂ ಜನಪ್ರಿಯ ಭಕ್ತಿಯಲ್ಲವೇ? ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು. ಆ ಹಾಡುಗಳಲ್ಲಿ ದೇವರ ಹೆಸರಿದೆ, ಕಥೆಯೇ ಇಲ್ಲ. ಗೋರನ ಹಾಗೆ ತಪ್ಪು ಮಾಡಿದ ಭಕ್ತನಿಲ್ಲ, ವಾಲಿಯ ಹಾಗೆ ಪ್ರಶ್ನೆ ಕೇಳುವ ಸೋತವನಿಲ್ಲ, ಕಣ್ಣಪ್ಪನ ಕಾಲಿಲ್ಲ. ನಮ್ಮ ಕಡೆ ಯಾರೂ ತಪ್ಪುವುದೇ ಇಲ್ಲ ಎಂಬ ಅಬ್ಬರ ಮಾತ್ರ ಇದೆ. ಅದು ಕೆಟ್ಟದ್ದು ಜನ ಕುಣಿಯುವುದರಿಂದಲ್ಲ. ಮನುಷ್ಯ ಎಡವುತ್ತಾನೆ ಎಂಬ ಮಾತೇ ಅದರಲ್ಲಿ ಇಲ್ಲದ್ದರಿಂದ. ಅದಕ್ಕೆ ಮದ್ದು ಜನಪ್ರಿಯ ಕಲೆಯನ್ನು ದೂರವಿಡುವುದಲ್ಲ. ಸಂಕಿರಣದವರು ಟೆಂಟನ್ನು ಕೀಳೆಂದು ಬಿಟ್ಟು ಎದ್ದು ಹೋದ ಜಾಗದಲ್ಲೇ ಆ ಡಿಜೆ ಬಂದು ನಿಂತದ್ದು.

ಎಡವಿದವರನ್ನು ಜನ ಹೇಗೆ ನೋಡುತ್ತಾರೆ ಎಂಬುದಕ್ಕೂ ಒಂದು ನಿದರ್ಶನವಿದೆ, ‘ಎಡವುವುದು’ ಎಂಬ ಮಾತು ಇಲ್ಲಿ ಮಡಿವಂತರದ್ದು. ವಿದ್ಯಾಭೂಷಣರು ಸುಬ್ರಹ್ಮಣ್ಯ ಮಠದ ಪೀಠಾಧಿಪತಿಗಳಾಗಿದ್ದಾಗಲೇ ಅವರ ದಾಸರಪದಗಳ ಕ್ಯಾಸೆಟ್ಟು ಮನೆಮನೆಯಲ್ಲಿತ್ತು. 1990ರ ದಶಕದಲ್ಲಿ ಅವರು ಪೀಠ ಬಿಟ್ಟು ಗೃಹಸ್ಥರಾದರು. ಯತಿಯೊಬ್ಬ ಕಾವಿ ಕಳಚಿದರೆ ಅವನ ಭಕ್ತಿಯೂ ಸುಳ್ಳು ಎಂದು ಶಾಸ್ತ್ರ ಹಿಡಿದು ವಾದಿಸಬಹುದಿತ್ತು. ಕೇಳುಗರು ಹಾಗೆ ವಾದಿಸಲಿಲ್ಲ. ಬೆಳಿಗ್ಗೆ ಕಾಫಿ ಸೋಸುವ ಹೊತ್ತಿಗೆ ಅಡುಗೆಮನೆಯ ಟೇಪ್‌ರೆಕಾರ್ಡರಿನಲ್ಲಿ ಅದೇ ದನಿ ಮುಂದುವರಿಯಿತು. ಕಾವಿಯಿಂದ ಹೊರಬಂದ ಮನುಷ್ಯನನ್ನು ಮನುಷ್ಯನಾಗಿಯೇ ಒಪ್ಪಿಕೊಂಡು ಅವನ ಹಾಡಿನಲ್ಲಿ ದೇವರನ್ನು ಕೇಳುವುದಕ್ಕೆ ಆ ಮನೆಗಳ ಹೆಂಗಸರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಮತ್ತೆ ಕರಾವಳಿಗೆ ಬಂದರೆ, ಕಟೀಲಿನ ದುರ್ಗಾಪರಮೇಶ್ವರಿಯ ಯಕ್ಷಗಾನ ಮೇಳಗಳ ಹರಕೆ ಆಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ. ಮದುವೆಯಾದಾಗ ಹೊತ್ತ ಹರಕೆಯ ಆಟಕ್ಕೆ ಸರದಿ ಬರುವಾಗ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ಗದ್ದೆ ಹಸನು ಮಾಡಿ ರಂಗಸ್ಥಳ ಕಟ್ಟುತ್ತಾರೆ, ಚೌಕಿಯಲ್ಲಿ ಪೂಜೆಯಾಗುತ್ತದೆ, ಊರಿಗೆಲ್ಲ ಊಟ. ‘ದೇವಿಮಹಾತ್ಮೆ’ ಶುರುವಾಗಿ ಹೊತ್ತು ಏರಿದ ಮೇಲೆ ಚಾಪೆಯ ಮೇಲೆ ಮುದುಡಿ ಮಲಗಿದ ಮಕ್ಕಳನ್ನು ಅಜ್ಜಿಯಂದಿರು ತಟ್ಟಿ ಎಬ್ಬಿಸುತ್ತಾರೆ. ದೇವಿಯನ್ನು ತೋರಿಸುವುದಕ್ಕೆಂದಲ್ಲ, ಅವಳು ಬೆಳಗಿನವರೆಗೂ ಇರುತ್ತಾಳೆ. ಜನರ ಹಿಂದುಗಡೆಯಿಂದ, ದೂರದ ಕತ್ತಲಿನಿಂದ, ದೊಂದಿಗಳ ಬೆಳಕಿನಲ್ಲಿ ರಾಳದ ಬೆಂಕಿ ಭುಗಿಲೆಬ್ಬಿಸುತ್ತ ಮಹಿಷಾಸುರ ಬರುವ ಹೊತ್ತು ಅದು. ಕೊಂಬು ಕಾಣುವ ಮೊದಲೇ ಚೆಂಡೆಯ ಪೆಟ್ಟು ಎದೆಗೆ ಬಡಿಯುತ್ತದೆ. ನಿದ್ದೆಗಣ್ಣಿನ ಹುಡುಗ ಅಜ್ಜಿಯ ಸೆರಗನ್ನು ಹಿಡಿದು, ತಲೆ ಹೊರಳಿಸಿ, ಆ ಕತ್ತಲಿನ ಕಡೆಗೆ ನೋಡುತ್ತಾನೆ.